ಹದಿನೆಂಟನೆಯ ಸಾಲು

ಸವಣೂರಿನ ಹುಸೇನಸಾಬರ ವೀಳ್ಯದೆಲೆ ತೋಟದಲ್ಲಿ ಆರು ವರ್ಷದ ಹಿಂದೆ ನಡೆದದ್ದನ್ನು ಎಲ್ಲರೂ ಒಂದೇ ರೀತಿ ಹೇಳುತ್ತಾರೆ. ಅರ್ಧ ದೃಷ್ಟಿ ಹೋದ ಮುದುಕ, ಇಲ್ಲದ ಬಳ್ಳಿಯ ಸಾಲು ಕಂಡು ಬಾವಿಗೆ ಕಾಲಿಡುವುದರಲ್ಲಿದ್ದ. ಶಿಗ್ಗಾವಿಯಿಂದ ಬಂದಿದ್ದ ಒಬ್ಬ ಹುಡುಗಿ ತೋಳು ಹಿಡಿದೆಳೆದು ಉಳಿಸಿದಳು. ಆ ಹುಡುಗಿ ನಾನು. ಒಮ್ಮೆ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು, ನಾನು ಯಾರೆಂದು ತಿಳಿಯದೆ, ಈ ಕಥೆಯನ್ನು ನನಗೇ ಹೇಳಿದಳು. ತೋಟ ಸರಿಯಾಗಿತ್ತು, ಬಾವಿ ಸರಿಯಾಗಿತ್ತು, ಬೆಳಗಿನ ಹೊತ್ತು ಎಂಬುದೂ ಸರಿಯಾಗಿತ್ತು. ಬೀಳುವುದರಲ್ಲಿದ್ದವರು ಯಾರು, ಹಿಡಿದವರು ಯಾರು ಎಂಬುದಷ್ಟೇ ತಿರುಗುಮುರುಗಾಗಿತ್ತು. ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡು ‘ಹೌದಾ’ ಅಂದೆ.

ಬೀಳುವುದರಲ್ಲಿದ್ದವಳು ನಾನು. ಹಿಡಿದವರು ಹುಸೇನಸಾಬರು.

‘ನನಗೊಂದು ವಿಚಿತ್ರ ಅನುಭವವಾಯಿತು’ ಎಂದು ಶುರುವಾಗುವ ಬರಹಗಳನ್ನು ನಾನು ಓದುತ್ತಿದ್ದುದೇ ತಪ್ಪು ಹುಡುಕುವುದಕ್ಕೆ. ಎಲ್ಲಿ ನಿದ್ದೆಗೆಟ್ಟಿದ್ದರು, ಎಲ್ಲಿ ನೆನಪು ಕೈಕೊಟ್ಟಿತು, ಎಲ್ಲಿ ಹೇಳುತ್ತ ಹೇಳುತ್ತ ಬಣ್ಣ ಏರಿತು ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತಿದ್ದೆ. ಪವಾಡಗಳನ್ನು ಬಯಲು ಮಾಡಲು ಊರೂರು ತಿರುಗುತ್ತಿದ್ದ ದಿನಗಳವು. ನೀವೂ ಹಾಗೆ ಓದಿದರೆ ನನ್ನ ತಕರಾರಿಲ್ಲ. ನಾನು ನಿದ್ದೆಗೆಟ್ಟಿರಲಿಲ್ಲ. ಹಸಿದಿರಲಿಲ್ಲ. ಹತ್ತೂವರೆಯ ಬಿಸಿಲಿತ್ತು. ಕಣ್ಣಿಗೆ ಆಗಲೂ ಈಗಲೂ ಕನ್ನಡಕವಿಲ್ಲ.

ಮೊದಲು ಹಾನಗಲ್ಲಿನ ಚರ್ಚಾಸ್ಪರ್ಧೆಯ ವಿಷಯ ಹೇಳಬೇಕು. ನಾನಾಗ ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಹಾಸ್ಟೆಲ್ಲಿನ ನನ್ನ ಕೋಣೆಯ ಜೊತೆಗಾತಿ ಸಲ್ಮಾ, ಸವಣೂರಿನವಳು, ಹುಸೇನಸಾಬರ ಮಗಳು. ನಾವಿಬ್ಬರೂ ಜೋಡಿಯಾಗಿ ಸ್ಪರ್ಧೆಗಳಿಗೆ ಹೋಗುತ್ತಿದ್ದೆವು. ಪರವೋ ವಿರೋಧವೋ ಎಂಬುದನ್ನು ನಾವು ಆರಿಸುವಂತಿರಲಿಲ್ಲ; ಅರ್ಧ ಗಂಟೆ ಮುಂಚೆ ಚೀಟಿ ಎತ್ತಬೇಕು, ಬಂದ ಪಕ್ಷವನ್ನು ಹೊರಬೇಕು. ಹೆಣ್ಣುಮಕ್ಕಳಿಗೆ ಓದು ಬೇಡ ಎಂಬ ಪಕ್ಷ ಬಂದಾಗಲೂ ವಾದಿಸಿ ಗೆದ್ದವರು ನಾವು. ಅದರ ಬಗ್ಗೆ ನಮಗೆ ನಾಚಿಕೆ ಇರಲಿಲ್ಲ, ಹೆಮ್ಮೆ ಇತ್ತು.

ಅಂದಿನ ವಿಷಯ ‘ಮನಸ್ಸಿನ ಹೊರಗೆ ವಸ್ತುವಿಲ್ಲ’. ತತ್ತ್ವಶಾಸ್ತ್ರದ ಮೇಷ್ಟ್ರೊಬ್ಬರು ಹುಡುಕಿ ಕೊಟ್ಟದ್ದು. ನೂರಾರು ವರ್ಷಗಳ ಹಿಂದೆ ಚೀನಾದಲ್ಲಿದ್ದ ಮನೋವಾದಿ ಪಂಥವೊಂದರ ಮೂಲ ಮಾತು ಇದು. ಕಾಣುವ ಮನಸ್ಸು ಒಂದು ಕಡೆ, ಕಾಣುವ ವಸ್ತು ಇನ್ನೊಂದು ಕಡೆ, ನಡುವೆ ಗೋಡೆ ಎಂದು ಅವರು ಒಪ್ಪುತ್ತಿರಲಿಲ್ಲ. ಮನಸ್ಸು ತಾಗಿದಾಗಲೇ ವಸ್ತು ವಸ್ತುವಾಗಿ ಬೆಳಗುತ್ತದೆ, ಎರಡೂ ಒಂದೇ ಘಟನೆ ಎಂಬುದು ಅವರ ವಾದ. ನನಗೆ ಇದು ಶುದ್ಧ ಹುಚ್ಚು ಅನ್ನಿಸಿತ್ತು. ಚೀಟಿಯಲ್ಲಿ ನಮಗೆ ಬಂದದ್ದು ಪರ ಪಕ್ಷ.

ಸಲ್ಮಾ ತತ್ತ್ವದ ಭಾಗ ಹೇಳಿದಳು. ಎದುರಿಗೆ ಹಿರೇಕೆರೂರಿನ ತಂಡ. ಅದರಲ್ಲಿದ್ದ ಕಟ್ಟುಮಸ್ತಾದ ಹುಡುಗನೊಬ್ಬ ಎದ್ದು, ‘ನಾವೆಲ್ಲ ಈಗ ಕಣ್ಣು ಮುಚ್ಚಿದರೆ ಹಾನಗಲ್ಲಿನ ಕೆರೆ ಬತ್ತುತ್ತದೆಯೇ?’ ಎಂದು ಕೇಳಿ ಸಭೆಯನ್ನು ನಗಿಸಿಬಿಟ್ಟ. ಸೋಲುವ ಹೊತ್ತು. ಆಗ ನಾನು ಎದ್ದು ಎಲ್ಲರಿಗೂ ರೂಲು ಎಳೆದ ಹಾಳೆ ಹಂಚಿಸಿದೆ. ಒಂದು ಕಡೆ ಕೂಡಿಸುವ ಲೆಕ್ಕದ ಗುರುತು, ಅದರ ಬಲಕ್ಕೆ ಅರ್ಧ ಗೇಣು ದೂರದಲ್ಲಿ ಒಂದು ಕಪ್ಪು ಚುಕ್ಕೆ. ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಗುರುತಿನ ಮೇಲೇ ಇಟ್ಟು, ಹಾಳೆಯನ್ನು ಮೆಲ್ಲಗೆ ಹತ್ತಿರ ತಂದುಕೊಳ್ಳಿ ಅಂದೆ. ಒಂದು ದೂರದಲ್ಲಿ ಚುಕ್ಕೆ ಇಲ್ಲವಾಗುತ್ತದೆ. ಕಣ್ಣಿನ ಹಿಂದೆ ನರ ಹೊರಟುಹೋಗುವ ಜಾಗದಲ್ಲಿ ಪ್ರತಿಯೊಬ್ಬರಿಗೂ ಒಂದು ಕುರುಡು ತಾಣವಿದೆ, ಇದು ಶಾಲೆಯ ಪಾಠ. ಆದರೆ ನೋಡಿ, ಅಂದೆ, ಚುಕ್ಕೆ ಹೋದ ಕಡೆ ತೂತು ಕಾಣುತ್ತಿದೆಯೇ? ಇಲ್ಲ. ರೂಲಿನ ಗೆರೆಗಳು ನೆಟ್ಟಗೆ ಮುಂದುವರಿದಿವೆ. ಆ ಗೆರೆಗಳನ್ನು ಎಳೆದವರು ಯಾರು? ನಿರ್ಣಾಯಕರು ಮೂವರೂ ಒಂದೊಂದು ಕಣ್ಣು ಮುಚ್ಚಿಕೊಂಡು ಹಾಳೆಯನ್ನು ಹಿಂದೆ ಮುಂದೆ ಮಾಡುತ್ತ ಕೂತರು. ಅಲ್ಲಿಗೆ ಗೆದ್ದೆವು. ಕೆರೆಯ ಪ್ರಶ್ನೆಗೆ ಮಾತ್ರ ನಾನು ಉತ್ತರ ಕೊಡಲೇ ಇಲ್ಲ, ಯಾರೂ ಗಮನಿಸಲಿಲ್ಲ.

ಬಹುಮಾನದ ಗದ್ದಲದಲ್ಲಿ ಬಿಳಿ ಟೋಪಿಯ, ಎತ್ತರದ ಮುದುಕರೊಬ್ಬರು ನನ್ನ ಹತ್ತಿರ ಬಂದರು. ಮುಖವನ್ನು ಹಕ್ಕಿಯ ಹಾಗೆ ಎಡಕ್ಕೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಸಲ್ಮಾಳ ಅಪ್ಪ. ಮಗಳ ಮಾತು ಕೇಳಲು ಸವಣೂರಿನಿಂದ ಬಂದಿದ್ದರು.

‘ಯವ್ವಾ, ಇಷ್ಟ ದಿನ ನಾ ಒಬ್ಬನ ಹುಚ್ಚ ಅನ್ಕೊಂಡಿದ್ದೆ,’ ಅಂದರು. ‘ನೀ ಸ್ಟೇಜ್ ಮ್ಯಾಲೆ ನಿಂತು ನನ್ನ ಮಾತ ಹೇಳಿದಿ.’

ಹಿಂದಿನ ವರ್ಷ ಅವರಿಗೆ ಸಣ್ಣಗೆ ಲಕ್ವಾ ಹೊಡೆದಿತ್ತು. ಕೈಕಾಲು ಉಳಿದವು, ನೋಟದ ಎಡ ಅರ್ಧ ಹೋಯಿತು. ಕಣ್ಣುಗಳು ನೆಟ್ಟಗಿವೆ, ಮಿದುಳಿನ ಹಿಂಭಾಗದಲ್ಲಿ ಪೆಟ್ಟಾಗಿದೆ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರಂತೆ. ಇಂಥವರಿಗೆ ಹೋದ ಕಡೆ ಕತ್ತಲೆ ಕಾಣುವುದಿಲ್ಲ. ನಮಗೆ ನಮ್ಮ ಬೆನ್ನ ಹಿಂದೆ ಹೇಗೆ ಏನೂ ಕಾಣುವುದಿಲ್ಲವೋ ಹಾಗೆ, ಆ ಕಡೆಯೇ ಇರುವುದಿಲ್ಲ. ಕೆಲವರಿಗೆ ಮಾತ್ರ ಆ ಖಾಲಿಯಲ್ಲಿ ಮಿದುಳು ತನ್ನದೇ ಚಿತ್ರ ಇಡುತ್ತದೆ. ಹುಸೇನಸಾಬರಿಗೆ ಇಟ್ಟದ್ದು ಒಂದು ಬಳ್ಳಿಯ ಸಾಲು.

‘ನಮ್ಮ ತ್ವಾಟದಾಗ ಹದಿನೇಳು ಸಾಲು ಅದಾವ. ನನಗ ಹದಿನೆಂಟು ಕಾಣತೈತಿ,’ ಅಂದರು. ಅದನ್ನು ಹೇಳುವಾಗ ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ. ಭಾರ ಇಳಿಸಿದವರ ಹಾಗಿದ್ದರು.

ಚಾಚಾ, ಅದು ಚೀಟಿಯಲ್ಲಿ ಬಂದ ಪಕ್ಷ, ನಾನು ಅದರಲ್ಲಿ ಒಂದು ಅಕ್ಷರವನ್ನೂ ನಂಬುವುದಿಲ್ಲ ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ನನಗೊಂದು ಒಳ್ಳೆಯ ಉದಾಹರಣೆ ಸಿಕ್ಕಿತ್ತು. ನೋಟ್‌ಬುಕ್ಕು ತೆಗೆದು, ಬಣ್ಣ ಕಾಣುತ್ತದೆಯೇ, ಅಲುಗಾಡುತ್ತದೆಯೇ, ದಿನವೂ ಒಂದೇ ಕಡೆಯೇ ಎಂದು ಕೇಳಿ ಕೇಳಿ ಬರೆದುಕೊಂಡೆ. ಅವರು ಅದನ್ನು ಗೌರವವೆಂದು ತಿಳಿದರು.

ಎರಡು ತಿಂಗಳ ನಂತರ, ರಜೆಗೆ ನಾನು ಶಿಗ್ಗಾವಿಗೆ ಬಂದಿದ್ದಾಗ, ಸಲ್ಮಾ ಫೋನು ಮಾಡಿದಳು. ‘ಲೇ ವಕೀಲವ್ವ, ಒಂದ ಕೇಸ್ ಐತಿ ಬಾ,’ ಅಂತ ನಗುತ್ತ ಶುರು ಮಾಡಿ, ಅರ್ಧಕ್ಕೆ ದನಿ ಬದಲಿಸಿದಳು. ಅವಳ ಅಣ್ಣ ರಿಯಾಜ್ ಎಲೆ ವ್ಯಾಪಾರ ಮಾಡುವವನು. ಅಪ್ಪ ಇನ್ನು ತೋಟಕ್ಕೆ ಹೋಗಬಾರದೆಂದು ಅವನ ಹಟ. ಹೋಗೇ ಹೋಗುತ್ತೇನೆಂದು ಅಪ್ಪನ ಹಟ. ಮನೆಯಲ್ಲಿ ಮಾತು ನಿಂತುಹೋಗಿ ವಾರವಾಗಿತ್ತು. ಕೊನೆಗೆ ಅಪ್ಪನೇ ಒಂದು ಷರತ್ತು ಹಾಕಿದ್ದರು. ‘ಆ ಶಿಗ್ಗಾವಿ ಹುಡುಗಿ ಬರ್ಲಿ. ಆಕಿಗೆ ಇದು ತಿಳಿತೈತಿ. ಆಕಿ ನೋಡಿ ಬ್ಯಾಡ ಅಂದ್ರ, ನಾಳಿಂದ ನಾ ತ್ವಾಟಕ್ಕ ಕಾಲಿಡಂಗಿಲ್ಲ.’

ನನ್ನನ್ನು ನಿರ್ಣಾಯಕಳಾಗಿ ಕರೆದಿದ್ದರು. ಆ ಮನೆಯವರ ಜೀವನದಲ್ಲಿ ನನಗೆಂಥ ಅಧಿಕಾರ ಎಂದು ಒಂದು ಗಳಿಗೆ ಅನ್ನಿಸಲಿಲ್ಲವಲ್ಲ. ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆ. ಬಂಕಾಪುರ ದಾಟುವುದರೊಳಗೆ, ಅವರಿಗೆ ತೋಟ ಬೇಡ ಎಂಬ ತೀರ್ಪು ಮನಸ್ಸಿನಲ್ಲಿ ಬರೆದಾಗಿತ್ತು, ಮೂರು ಕಾರಣಗಳ ಸಮೇತ. ಇನ್ನು ಸಾಕ್ಷಿಗಳನ್ನು ನೋಡುವುದಷ್ಟೇ ಬಾಕಿ.

ಸಲ್ಮಾಳ ತಾಯಿ ಚಹಾದ ಜೊತೆಗೆ ಆ ಊರಿನ ಹೆಸರಾಂತ ಕರಿದ ತಿಂಡಿ, ಒಂದು ತಾಟು ಖಾರ ತಂದಿಟ್ಟು, ‘ತಿನ್ನವ್ವಾ. ಸವಣೂರ ಖಾರ ತಿಂದ್ರ ಮಾತು ಇನ್ನಷ್ಟು ಜೋರ ಆಗತಾವ,’ ಅಂದರು. ಯಾರೂ ನಗಲಿಲ್ಲ. ರಿಯಾಜ್ ಬಾಗಿಲ ಹತ್ತಿರ ನಿಂತೇ ಮಾತಾಡಿದ. ಕೆಟ್ಟವನಲ್ಲ ಅವನು, ಅವನ ಕಣ್ಣು ಕೆಂಪಾಗಿದ್ದವು.

‘ತೋಟದ ಕಡೀ ಸಾಲಿನ ಆಚೆ ಬಾವಿ ಐತಿ ತಂಗಿ. ಕಟ್ಟಿ ಇಲ್ಲ, ನೆಲಕ್ಕ ಸಮಾ ಐತಿ. ಇವರಿಗೆ ಆ ಹದಿನೆಂಟನೇ ಸಾಲು ಎಲ್ಲಿ ಕಾಣತೈತಿ ಕೇಳು. ಬಾವಿ ಮ್ಯಾಲ. ಮೊನ್ನಿ ನಾ ಹೋದಾಗ ಬಾವಿ ದಂಡಿ ಮ್ಯಾಲ ನಿಂತಿದ್ರು. ಏನ್ ಮಾಡಾಕತ್ತೀರಿ ಅಂದ್ರ, ಬಳ್ಳಿ ನೋಡಾಕತ್ತೇನಿ ಅಂದ್ರು.’

‘ನೋಡಾಕತ್ತಿದ್ದೆ,’ ಅಂದರು ಹುಸೇನಸಾಬರು. ‘ಕೀಳಾಕತ್ತಿದ್ದೆ ಅಂದೆನೇನು?’

‘ಒಂದ ಹೆಜ್ಜಿ ಉಳದಿತ್ತು ಅಬ್ಬಾ.’

‘ಆ ಒಂದ ಹೆಜ್ಜಿ ಇಡಲಿಲ್ಲಲ್ಲ.’

ಅಲ್ಲೇ ಇತ್ತು ಎಲ್ಲ. ಕಾಣುವುದು ಬೇರೆ, ಹೋಗುವುದು ಬೇರೆ ಎಂದು ಅವರು ಅಷ್ಟು ಸ್ಪಷ್ಟವಾಗಿ ಹೇಳಿದ್ದರು. ನಾನು ಅದನ್ನು ‘ತರ್ಕದಿಂದ ತಪ್ಪಿಸಿಕೊಳ್ಳುವ ಯತ್ನ’ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ. ಮನೆಯಲ್ಲಿ ನನ್ನ ಬೆರಳನ್ನು ಅವರ ಕಣ್ಣ ಮುಂದೆ ಬಲದಿಂದ ಎಡಕ್ಕೆ ಸರಿಸಿ ಪರೀಕ್ಷಿಸಿದೆ. ಮೂಗಿನ ನೇರ ದಾಟಿದ ಕೂಡಲೇ ಬೆರಳು ಅವರಿಗೆ ಇಲ್ಲವಾಗುತ್ತಿತ್ತು. ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದರು.

ಆಮೇಲೆ ತೋಟಕ್ಕೆ ಹೊರಟೆವು. ನಾನೊಬ್ಬಳೇ ತಮ್ಮ ಜೊತೆ ಒಳಗೆ ಬರಬೇಕೆಂದು ಹುಸೇನಸಾಬರು ಕೇಳಿದರು. ರಿಯಾಜ್ ಬೈಕು ನಿಲ್ಲಿಸಿ ಬೇಲಿಯ ಹತ್ತಿರ ನಿಂತ.

ಎಲೆತೋಟಕ್ಕೆ ಚಪ್ಪಲಿ ಹಾಕಿಕೊಂಡು ಹೋಗುವ ಹಾಗಿಲ್ಲ. ಬೇಲಿಯ ಹೊರಗೆ ಬಿಟ್ಟು ಒಳಗೆ ಕಾಲಿಟ್ಟರೆ ನೆಲ ತಣ್ಣಗೆ ಹಸಿಯಾಗಿತ್ತು. ಬಳ್ಳಿಗೆ ಆಸರೆಯಾಗಿ ನೆಟ್ಟ ನುಗ್ಗೆ, ಚೊಗಚಿ ಗಿಡಗಳು ಸಾಲಾಗಿ ನಿಂತಿದ್ದವು, ಪ್ರತಿ ಗಿಡಕ್ಕೂ ಬಳ್ಳಿ ಹಬ್ಬಿಸಿ ನಾರಿನಿಂದ ಕಟ್ಟಿದ್ದರು. ಎರಡು ಸಾಲಿನ ನಡುವೆ ಒಬ್ಬರು ನಡೆಯುವಷ್ಟು ಜಾಗ. ಎಲ್ಲ ಸಾಲುಗಳ ತುದಿಗೆ ಅಡ್ಡಲಾಗಿ ಒಂದು ಬದು. ಆ ಬದುವಿನ ಮೇಲೆ ನಡೆದರೆ ಒಂದಾದ ಮೇಲೊಂದು ಸಾಲು ದಾಟುತ್ತ ಹೋಗಬಹುದು. ಬಿಸಿಲು ಎಲೆಗಳಲ್ಲಿ ಸೋಸಿ ಬೀಳುತ್ತಿತ್ತು.

ಹುಸೇನಸಾಬರು ಪ್ರತಿ ಸಾಲಿನ ಮೊದಲ ಗಿಡದ ಕಾಂಡಕ್ಕೆ ಅಂಗೈ ಒತ್ತಿ, ಎಣಿಸಿ, ಮುಂದೆ ಹೋಗುತ್ತಿದ್ದರು. ಯಾಕೆಂದು ಕೇಳಿದೆ.

‘ಕಣ್ಣು ಹದಿನೆಂಟು ಅಂತೈತಿ, ಕೈ ಹದಿನೇಳು ಅಂತೈತಿ. ನಾ ಕೈ ಮಾತು ಕೇಳ್ತೇನಿ,’ ಅಂದರು. ಆಮೇಲೆ ನಕ್ಕು, ‘ನೀನೂ ಎಣಸು. ಎರಡೂ ಕಣ್ಣು ಇದ್ದಾಕಿ ಲೆಕ್ಕಾ ತಪ್ಪಬಾರದು ಮತ್ತ,’ ಅಂದರು.

ನಾನು ಅವರ ಎಡಕ್ಕೆ, ಒಂದು ಹೆಜ್ಜೆ ಮುಂದೆ ನಡೆದೆ. ಬೇಕೆಂದೇ ಎಡಕ್ಕೆ. ನಾನು ಅವರಿಗೆ ಕಾಣದ ಕಡೆ ಇರಬೇಕು, ನನ್ನ ಚಲನೆಗೆ ಅವರು ಹೇಗೆ ನಡೆದುಕೊಳ್ಳುತ್ತಾರೆ ನೋಡಬೇಕು ಎಂಬುದು ನನ್ನ ಪರೀಕ್ಷೆಯ ಭಾಗ. ಮುಟ್ಟುವ ಗೋಜಿಗೆ ಹೋಗದೆ ಕಣ್ಣಿನಿಂದಲೇ ಎಣಿಸಿದೆ. ಗಟ್ಟಿಯಾಗಿ ಎಣಿಸಿದೆ, ಅವರಿಗೂ ಕೇಳಲಿ ಎಂದು. ಹದಿನೈದು. ಹದಿನಾರು. ಹದಿನೇಳು.

ಹದಿನೆಂಟು.

ಇಲ್ಲಿ ಬಣ್ಣ ಹಚ್ಚದೆ ಹೇಳಬೇಕು. ಸಾಲು ಇತ್ತು. ಮಂಜುಮಂಜಾಗಿರಲಿಲ್ಲ, ನೆರಳಿನಂತಿರಲಿಲ್ಲ. ಹದಿನೇಳನೆಯದು ಹೇಗಿತ್ತೋ ಹಾಗೇ, ಅದರ ಆಚೆ, ಅಷ್ಟೇ ಅಂತರದಲ್ಲಿ. ಮೊದಲ ಗಿಡ ನುಗ್ಗೆ. ಅದರ ಕಾಂಡ ಮೊಣಕಾಲೆತ್ತರದಲ್ಲಿ ಎರಡಾಗಿ ಸೀಳಿತ್ತು; ಸೀಳು ಬಿಡದ ಹಾಗೆ ಮಾಸಿದ ಹಸಿರು ಬಟ್ಟೆಯ ಪಟ್ಟಿಯೊಂದನ್ನು ಸುತ್ತಿ ಕಟ್ಟಿದ್ದರು. ಅದಕ್ಕೆ ತಾಗಿದ ಎಲೆಯೊಂದರ ಅಂಚನ್ನು ಹುಳ ತಿಂದಿತ್ತು. ಆ ಕಾಂಡಕ್ಕೆ ಕೈ ಆನಿಸಿ ನಿಲ್ಲೋಣವೆಂದು ಕೈ ಚಾಚಿ ಹೆಜ್ಜೆ ಎತ್ತಿದೆ. ಏನೋ ತಪ್ಪಾಗಿದೆ ಎಂದು ಅನ್ನಿಸಲೇ ಇಲ್ಲ. ಹದಿನೆಂಟು ಎಂದು ನನ್ನ ಬಾಯಿ ಹೇಳಿದ್ದು ನನ್ನ ಕಿವಿಗೂ ಸಹಜವಾಗಿಯೇ ಕೇಳಿಸಿತು.

ತೋಳಿಗೆ ಹಿಡಿತ ಬಿತ್ತು. ಎಲೆ ಕೀಳುವವರ ಕೈ, ಹೆಬ್ಬೆರಳಿನ ಉಗುರು ಚರ್ಮಕ್ಕೆ ನಾಟಿತು.

‘ಹದಿನೇಳಕ್ಕ ನಿಂದ್ರು ಯವ್ವಾ,’ ಅಂದರು. ಗಾಬರಿಯ ದನಿಯಲ್ಲ.

ಕೆಳಗೆ ನೋಡಿದೆ. ನನ್ನ ಎತ್ತಿದ ಕಾಲಿನ ಕೆಳಗೆ ಹುಲ್ಲಿನ ಅಂಚಿತ್ತು, ಅದರಾಚೆ ಏನೂ ಇರಲಿಲ್ಲ. ಬಹಳ ಆಳದಲ್ಲಿ ಹಸಿರು ನೀರು. ಒಂದು ಪಾರಿವಾಳ ಒಳಗಿನಿಂದ ಹಾರಿ ಮೇಲೆ ಬಂತು. ಸಾಲು ಮಾಯವಾದದ್ದನ್ನು ನಾನು ನೋಡಲಿಲ್ಲ. ಹಾಳೆಯ ಮೇಲಿನ ಚುಕ್ಕೆಯಾದರೂ ಹೋಗುವುದು ತಿಳಿಯುತ್ತದೆ. ಇದು ಹೋದ ಗಳಿಗೆಯೇ ಇರಲಿಲ್ಲ. ಇತ್ತು, ಈಗ ಬಾವಿ ಇತ್ತು.

ಹುಸೇನಸಾಬರು ಕೈ ಬಿಡದೆ ನನ್ನ ಕಡೆಗೆ ಮುಖ ತಿರುಗಿಸಿದರು. ತೀರ ಮೆಲ್ಲಗೆ, ಯಾರಿಗೂ ಕೇಳಬಾರದ ಮಾತಿನ ಹಾಗೆ, ‘ನಿನಗೂ ಕಂಡಿತೇನು?’ ಅಂದರು.

ಆ ಮುಖವನ್ನು ನಾನು ಮರೆಯಬೇಕೆಂದು ಬಹಳ ಪ್ರಯತ್ನಪಟ್ಟಿದ್ದೇನೆ. ಅದರಲ್ಲಿ ಗೆದ್ದ ಸಂತೋಷವಿರಲಿಲ್ಲ. ಒಂದು ವರ್ಷದಿಂದ ಒಬ್ಬರೇ ಇದ್ದ ಜಾಗಕ್ಕೆ ಇನ್ನೊಬ್ಬರು ಬಂದರೇನೋ ಎಂಬ ಆಸೆ ಇತ್ತು.

‘ಏನು ಚಾಚಾ?’ ಅಂದೆ. ‘ಅಲ್ಲೇನೂ ಇಲ್ಲ. ಬಾವಿ ಐತಿ.’

ಅವರು ನನ್ನನ್ನು ನೋಡಿದರು. ಹಿಡಿತ ಸಡಿಲವಾಯಿತು, ಆದರೆ ಕೈ ಇನ್ನೂ ತೋಳಿನ ಮೇಲೇ ಇತ್ತು. ಅಷ್ಟರಲ್ಲಿ ರಿಯಾಜ್ ಬದುವಿನ ಮೇಲೆ ಓಡಿ ಬಂದ. ಬೇಲಿಯ ಹತ್ತಿರದಿಂದ ಅವನಿಗೆ ಕಂಡದ್ದು ಬಾವಿಯ ದಂಡೆಯ ಮೇಲೆ ತೋಳು ಹಿಡಿದು ನಿಂತ ಇಬ್ಬರು. ಅದರಲ್ಲಿ ಯಾರು ಯಾರನ್ನು ಹಿಡಿದಿರಬೇಕು ಎಂಬುದನ್ನು ಅವನ ಮನಸ್ಸು ತುಂಬಿಕೊಂಡಿತು. ಅವನನ್ನು ನಾನು ಹೇಗೆ ದೂರಲಿ? ಅಪ್ಪನನ್ನು ಎರಡೂ ಕೈಯಿಂದ ಬಳಸಿಕೊಂಡು ಹಿಂದಕ್ಕೆ ಎಳೆದ. ‘ತಂಗಿ, ನೀ ಇರದಿದ್ರ ಇವತ್ತ ನಮ್ಮ ಅಬ್ಬಾ ಇರತಿರಲಿಲ್ಲ,’ ಅಂದ. ಅಳುತ್ತಿದ್ದ.

ನಾನು ಏನೂ ಹೇಳಲಿಲ್ಲ. ಹುಸೇನಸಾಬರೂ ಏನೂ ಹೇಳಲಿಲ್ಲ.

ಮನೆಗೆ ಬಂದ ಮೇಲೆ ಎಲ್ಲರೂ ಚಾಪೆಯ ಮೇಲೆ ಕೂತರು. ಆಗಲೂ ಸಮಯವಿತ್ತು. ಅವರು ಸುರಕ್ಷಿತವಾಗಿದ್ದಾರೆ, ಕಣ್ಣು ಸುಳ್ಳು ಹೇಳಿದರೂ ಕೈಯಿಂದ ಪರೀಕ್ಷಿಸಿ ನಡೆಯುತ್ತಾರೆ, ಅಪಾಯದಲ್ಲಿದ್ದವಳು ಎರಡು ಕಣ್ಣಿನ ನಾನು ಎಂದು ಹೇಳಬಹುದಿತ್ತು. ಬಾವಿಗೆ ಕಟ್ಟೆ ಕಟ್ಟಿಸಿ, ಇವರನ್ನು ಬಿಡಿ ಎಂದಾದರೂ ಹೇಳಬಹುದಿತ್ತು. ಆದರೆ ಹಾಗೆ ಹೇಳಬೇಕಾದರೆ ನನಗೆ ಏನು ಕಂಡಿತೆಂದು ಹೇಳಬೇಕು. ಪವಾಡಗಳನ್ನು ಬಯಲು ಮಾಡುತ್ತೇನೆಂದು ಊರೂರು ತಿರುಗುತ್ತಿದ್ದ ನಾನು, ಹಸಿರು ಬಟ್ಟೆ ಸುತ್ತಿದ ನುಗ್ಗೆ ಗಿಡ ಕಂಡೆ ಎಂದು ಹೇಳಬೇಕು. ಬಸ್ಸಿನಲ್ಲಿ ಬರೆದಿಟ್ಟ ತೀರ್ಪು ಸಿದ್ಧವಾಗಿತ್ತು. ಬಾಯಿ ಅದನ್ನೇ ಒಪ್ಪಿಸಿತು. ಮೊದಲನೆಯ ಕಾರಣ, ಎರಡನೆಯ ಕಾರಣ, ಮೂರನೆಯ ಕಾರಣ. ವಾದ ಚೆನ್ನಾಗಿತ್ತು, ನಿಜ ಹೇಳುತ್ತೇನೆ, ಬಹಳ ಚೆನ್ನಾಗಿತ್ತು. ಸಲ್ಮಾ ನನ್ನ ಕೈ ಹಿಡಿದುಕೊಂಡಳು.

‘ಆಕಿ ಹೇಳಿದಂಗ ಆಗಲಿ,’ ಎಂದು ಹುಸೇನಸಾಬರು ಎದ್ದು ಒಳಗೆ ಹೋದರು. ಮಾತಿಗೆ ತಪ್ಪುವ ಮನುಷ್ಯ ಅಲ್ಲ. ಅಂದಿನಿಂದ ಅವರು ತೋಟಕ್ಕೆ ಹೋಗಿಲ್ಲ. ನಲವತ್ತು ವರ್ಷ ಪ್ರತಿ ಬೆಳಿಗ್ಗೆ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದ ತೋಟಕ್ಕೆ.

ಆಮೇಲೆ ಮುದುಕನನ್ನು ಉಳಿಸಿದವಳೆಂದು ನನಗೆ ಹೆಸರು ಬಂತು. ಅದರ ವಿವರ ಬೇಡ.

ವಿವರಣೆಗಳನ್ನು ಹುಡುಕದೆ ಇದ್ದೆನೆಂದು ತಿಳಿಯಬೇಡಿ. ಅವರು ನನ್ನನ್ನು ಹೇಗೆ ಹಿಡಿದರು? ಅದಕ್ಕೆ ಉತ್ತರವಿದೆ. ಮಿದುಳಿನ ಪೆಟ್ಟಿನಿಂದ ಒಂದು ಕಡೆಯ ನೋಟ ಹೋದವರಲ್ಲಿ ಕೆಲವರು, ಕಾಣಲಿಲ್ಲ ಎಂದು ಹೇಳಿದ ವಸ್ತುವಿಗೂ ಸರಿಯಾಗಿ ಕೈ ಚಾಚುತ್ತಾರೆ. ಕಂಡದ್ದು ಅವರಿಗೇ ತಿಳಿದಿರುವುದಿಲ್ಲ. ಅಲ್ಲದೆ ನಾನು ಗಟ್ಟಿಯಾಗಿ ಎಣಿಸುತ್ತಿದ್ದೆ, ಹದಿನೆಂಟು ಎಂದದ್ದು ಅವರಿಗೆ ಕೇಳಿಸಿತ್ತು. ಅಷ್ಟು ಸಾಕು. ನನಗೆ ಸಾಲು ಕಂಡದ್ದು ಹೇಗೆ? ಒಂದೇ ಅಂತರದಲ್ಲಿ ಹದಿನೇಳು ಸಾರಿ ಬಂದದ್ದನ್ನು ಮಿದುಳು ಇನ್ನೊಂದು ಸಾರಿ ಮುಂದುವರಿಸಿತು. ಎರಡು ತಿಂಗಳಿಂದ ಆ ಸಾಲಿನ ಬಗ್ಗೆಯೇ ಯೋಚಿಸುತ್ತಿದ್ದೆ. ನೆರಳಿನಿಂದ ಬಿಸಿಲಿಗೆ ಬಂದ ಗಳಿಗೆ ಅದು. ಇವೆಲ್ಲ ಒಪ್ಪುವಂಥ ಮಾತುಗಳೇ. ಇನ್ನೊಬ್ಬರ ಅನುಭವವಾಗಿದ್ದರೆ ಇಷ್ಟಕ್ಕೇ ಪೆನ್ಸಿಲ್ಲು ಕೆಳಗಿಟ್ಟು ಮುಂದಿನ ಪುಟಕ್ಕೆ ಹೋಗುತ್ತಿದ್ದೆ.

ಆದರೆ ಮುಂದುವರಿಸುವ ಮಿದುಳು ಹಿಂದಿನದನ್ನೇ ಮುಂದುವರಿಸಬೇಕು. ರೂಲಿನ ಗೆರೆಯ ಜಾಗದಲ್ಲಿ ರೂಲಿನ ಗೆರೆಯನ್ನೇ ಎಳೆಯಬೇಕು. ಸೀಳಿದ ಕಾಂಡ ಆ ತೋಟದಲ್ಲಿ ಬೇರೆಲ್ಲೂ ಇರಲಿಲ್ಲ. ಹಸಿರು ಬಟ್ಟೆ ಇರಲಿಲ್ಲ, ಎಲ್ಲ ಗಿಡಗಳಿಗೂ ಕಟ್ಟಿದ್ದು ನಾರು. ಮರುವರ್ಷ ರಿಯಾಜನನ್ನು ಕೇಳಿ ತೋಟಕ್ಕೆ ಹೋಗಿ ಹದಿನೇಳೂ ಸಾಲಿನ ಮೊದಲ ಗಿಡವನ್ನು ಕೈಯಿಂದ ಮುಟ್ಟಿ ನೋಡಿದೆ. ಹಾನಗಲ್ಲಿನ ನೋಟ್‌ಬುಕ್ಕು ತೆಗೆದು ಹುಡುಕಿದೆ. ಹುಸೇನಸಾಬರು ಬಟ್ಟೆಯ ವಿಷಯ ಹೇಳಿರಲಿಲ್ಲ, ಸೀಳಿನ ವಿಷಯ ಹೇಳಿರಲಿಲ್ಲ. ಅವರಿಗೆ ಕಾಣುವ ಸಾಲಿನ ಮೊದಲ ಗಿಡ ಹೇಗಿದೆ ಎಂದು ಒಂದು ಮಾತು ಕೇಳಿದರೆ ಮುಗಿಯಿತು. ಆ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಅದೇ ನೋಟ್‌ಬುಕ್ಕಿನಲ್ಲಿ, ಸ್ಪರ್ಧೆಗೆಂದು ಮಾಡಿಕೊಂಡ ಟಿಪ್ಪಣಿಗಳ ನಡುವೆ, ಆ ಚೀನೀ ಪಂಥದ ಇನ್ನೊಂದು ವಿಚಾರ ಕಣ್ಣಿಗೆ ಬಿತ್ತು. ವಾದಕ್ಕೆ ಬೇಡವೆಂದು ನಾನೇ ಅದಕ್ಕೆ ಅಡ್ಡಗೆರೆ ಎಳೆದಿದ್ದೆ. ತಿಳಿಯುವುದು, ಮಾಡುವುದು ಎರಡಲ್ಲ ಎನ್ನುತ್ತಿದ್ದರು ಅವರು. ತಿಳಿದೂ ಮಾಡದವನಿಗೆ ಇನ್ನೂ ತಿಳಿದಿಲ್ಲವೆಂದೇ ಅರ್ಥ. ಸರಿ ತಪ್ಪುಗಳನ್ನು ಮನಸ್ಸು ಯಾರೂ ಕಲಿಸದೆ ತಾನೇ ಅರಿಯುತ್ತದೆ ಎಂದೂ ಅವರ ನಂಬಿಕೆ. ಅಡ್ಡಗೆರೆಯ ಪಕ್ಕದಲ್ಲಿ ನಾನು ‘ಪುರಾವೆ ಎಲ್ಲಿ?’ ಎಂದು ಬರೆದಿದ್ದೆ. ಬಾವಿಯ ದಂಡೆಯ ಮೇಲೆ ‘ಅಲ್ಲೇನೂ ಇಲ್ಲ’ ಅಂದಾಗ ನನ್ನ ಎರಡೂ ಕಿವಿ ಕೆಂಡದ ಹಾಗೆ ಸುಟ್ಟಿದ್ದವು. ಯಾರೂ ನನ್ನನ್ನು ಬೈದಿರಲಿಲ್ಲ. ಯಾರಿಗೂ ಗೊತ್ತೂ ಇರಲಿಲ್ಲ. ಪುರಾವೆಗೆ ಇನ್ನೇನು ಬೇಕಿತ್ತೋ ನನಗೆ.

ಕಳೆದ ವರ್ಷ ಕೊನೆಗೂ ಸವಣೂರಿಗೆ ಹೋಗಿ ರಿಯಾಜನಿಗೆ ಎಲ್ಲ ಹೇಳಿದೆ. ಎಲೆ ಅಂಗಡಿಯ ಮುಂದೆ ನಿಂತು, ಒಂದನ್ನೂ ಬಿಡದೆ ಹೇಳಿದೆ. ಅವನು ತಲೆ ಬಾಗಿಸಿ ಕೇಳಿ, ಆಮೇಲೆ ನಕ್ಕ.

‘ದೊಡ್ಡ ಮನಸ್ಸು ನಿಂದು ತಂಗಿ,’ ಅಂದ. ‘ಮುದುಕಗ ಸಮಾಧಾನ ಆಗಲಿ ಅಂತ ತಪ್ಪು ನಿನ್ನ ಮ್ಯಾಲ ಹಾಕ್ಕೊಳ್ಳಾಕತ್ತಿ. ನಾ ಕಣ್ಣಾರೆ ನೋಡೇನಲ್ಲ.’

ಸಲ್ಮಾಳಿಗೆ ಫೋನು ಮಾಡಿದೆ. ಅವಳು ಎಲ್ಲ ಕೇಳಿ, ‘ವಕೀಲವ್ವ, ಇದ್ಯಾವ ಪಕ್ಷದ ಚೀಟಿ ಬಂದೈತಿ ನಿನಗ ಇವತ್ತ?’ ಅಂದಳು. ತಮಾಷೆಗೆ ಅಂದಳೋ, ನಿಜವಾಗಿಯೇ ಕೇಳಿದಳೋ ತಿಳಿಯಲಿಲ್ಲ. ಎರಡೂ ಪಕ್ಷದಿಂದ ಇಷ್ಟು ವರ್ಷ ಮಾತಾಡಿದವಳ ನಿಜವನ್ನು ಅವಳಾದರೂ ಹೇಗೆ ಗುರುತಿಸಬೇಕು.

ಅದೇ ದಿನ ಹುಸೇನಸಾಬರ ಮನೆಗೆ ಹೋದೆ. ಬಾವಿಗೆ ಈಗ ಕಟ್ಟೆ ಕಟ್ಟಿಸಿದ್ದಾರೆ, ಮೇಲೆ ಜಾಳಿಗೆ ಹಾಕಿಸಿದ್ದಾರೆ. ಬೀಳುವ ಭಯವಿಲ್ಲ. ಆದರೂ ಹುಸೇನಸಾಬರನ್ನು ತೋಟಕ್ಕೆ ಕರೆಯಬೇಕೆಂದು ಯಾರಿಗೂ ಹೊಳೆದಿಲ್ಲ, ಅವರೂ ಕೇಳಿಲ್ಲ. ಮುಂದಿನ ಪಡಸಾಲೆಯಲ್ಲಿ ಕೂತು ರಿಯಾಜ್ ತಂದು ಸುರಿದ ಎಲೆಗಳನ್ನು ದೊಡ್ಡದು ಸಣ್ಣದು ಬೇರೆ ಮಾಡಿ ಕಟ್ಟು ಕಟ್ಟುತ್ತಿದ್ದರು. ಇನ್ನಷ್ಟು ಸಣ್ಣಗಾಗಿದ್ದಾರೆ. ನಾನು ಅವರ ಬಲಕ್ಕೆ, ಕಾಣುವ ಕಡೆ ಕೂತೆ.

‘ಬಾರವ್ವಾ. ಊಟ ಆತೇನು?’ ಅಂದರು.

‘ಚಾಚಾ, ಅವತ್ತ ಬಾವಿ ಹತ್ರ ನನಗೂ ಕಂಡಿತ್ತು,’ ಅಂದೆ. ಐದು ವರ್ಷ ಹೊತ್ತ ಮಾತು, ಇಷ್ಟೇ ಇಷ್ಟು ಉದ್ದದ್ದು.

ಅವರ ಕೈ ನಿಲ್ಲಲಿಲ್ಲ. ಒಂದು ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, ಸಣ್ಣದರ ಕಡೆ ಇಟ್ಟರು.

‘ಗೊತ್ತೈತಿ,’ ಅಂದರು. ‘ಹದಿನೆಂಟು ಅಂತ ನೀನ ಎಣಿಸಿದಿಯಲ್ಲ.’

ಒಳಗಿನಿಂದ ಪಾತ್ರೆಯ ಸದ್ದು ಬರುತ್ತಿತ್ತು. ರಿಯಾಜ್ ನನ್ನ ಮಾತು ನಂಬಲಿಲ್ಲ, ಸಲ್ಮಾಳೂ ನಂಬಲಿಲ್ಲ, ನೀವೊಬ್ಬರು ಹೌದು ಅಂದರೆ ನಾಳೆ ಬೆಳಿಗ್ಗೆ ನೀವು ತೋಟದಲ್ಲಿರುತ್ತೀರಿ ಎಂದೆ. ಅವರು ನಾರು ಸುತ್ತಿ ಕಟ್ಟು ಬಿಗಿದರು. ಇನ್ನೊಂದು ಕಟ್ಟಿಗೆ ಎಲೆ ಎತ್ತಿಕೊಂಡರು. ನನಗೆ ಅಳು ಬರುತ್ತಿತ್ತು, ಅದಕ್ಕೇ ದನಿ ಏರಿತು. ಸ್ಪರ್ಧೆಯಲ್ಲಿ ಏರುವ ಹಾಗಲ್ಲ.

‘ಗೊತ್ತಿತ್ತು ಅಂದ್ರ ಅವತ್ತ ಚಾಪಿ ಮ್ಯಾಲ ಕುಂತು ನಾ ಅಷ್ಟು ಸುಳ್ಳು ಹೇಳುವಾಗ ನೀವ್ಯಾಕ ಸುಮ್ಮನಿದ್ರಿ ಚಾಚಾ?’